ಕಂಬಕ್ಕೂ ನಲ್ಲಿಗೂ ನಡುವೆ

ಭಾನುವಾರ, ಮಧ್ಯಾಹ್ನ
ಬೈಂಡಿಂಗ್ ಅಂಗಡಿಯ ಮೇಲಿನ ಮನೆ

ನಮ್ಮ ಮಗಳ ಅಪ್ಪನವರಿಗೆ, ಅವಳ ಅಮ್ಮ ಮಾಡುವ ನಮಸ್ಕಾರಗಳು.

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡಿ. ಮಗಳು ಚೆನ್ನಾಗಿದ್ದಾಳೆ. ಕೆಳಗೆ ಅಂಗಡಿಯಲ್ಲಿ ನಮ್ಮಣ್ಣ ಚೆನ್ನಾಗಿದ್ದಾನೆ, ಅವನ ಸೊಂಟನೋವೂ ಚೆನ್ನಾಗಿದೆ. ನಾವು ಬೇರೆಯಾದ ಮೇಲೆ ನೀವೂ ನಾನೂ ಫೋನಿನಲ್ಲಿ ಆಡಿದ್ದೆಲ್ಲ ಬಸ್ಸಿನ ಮಾತು. ಬಸ್ಸು ಹೊರಟಿತು, ಬಸ್ಸು ಬಂತು, ಸ್ವೆಟರ್ ಚೀಲದ ತಳದಲ್ಲಿದೆ. ಅದಕ್ಕಿಂತ ದೊಡ್ಡ ಮಾತು ಬಂದರೆ ನೀವು ಹೂಂ ಅನ್ನುತ್ತೀರಿ, ನಾನು ಸರಿ ಅನ್ನುತ್ತೇನೆ, ಫೋನು ತಾನೇ ನಾಚಿಕೊಂಡು ಸುಮ್ಮನಾಗುತ್ತದೆ. ಈಗ ಹೇಳಬೇಕಾದದ್ದು ಹೂಂ, ಸರಿಗಳಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದುವಾಗ ಒಲೆಯ ಮೇಲೆ ಏನೂ ಇಲ್ಲದ ಹಾಗೆ ನೋಡಿಕೊಳ್ಳಿ. ಅನ್ನ ಸೀಯಿಸುವುದು ಈ ಸಂಸಾರದಲ್ಲಿ ನನ್ನ ಕೆಲಸ, ನೀವು ಅದಕ್ಕೆ ಕೈ ಹಾಕಬೇಡಿ. ಪಾಪ, ಆಸ್ಪತ್ರೆಯ ರೋಗಿಗಳು ನಿಮ್ಮ ಕ್ಯಾಂಟೀನನ್ನೇ ನಂಬಿಕೊಂಡಿದ್ದಾರೆ.

ವಿಷಯ ನಿಮಗೆ ಅರ್ಧ ಗೊತ್ತಿದೆ. ಕಾನೂನು ಓದಲು ನಮ್ಮ ತಕ್ಕಡಿಗೆ ಮೂರು ಕಡೆ ಸೀಟು ಸಿಕ್ಕಿದೆ. ಬರುವ ಶನಿವಾರದೊಳಗೆ ಒಂದನ್ನು ಒಪ್ಪಿಕೊಂಡು ಮಿಕ್ಕ ಎರಡನ್ನು ಬಿಡಬೇಕು. ಬಿಡಲು ಹೊರಟದ್ದರಲ್ಲಿ ಅವಳ ಮನಸ್ಸಿಗೆ ಬೇಕಾದದ್ದು ಯಾವುದು, ಅದನ್ನು ಯಾಕೆ ಬಿಡುತ್ತಿದ್ದಾಳೆ ಎಂಬುದು ನಿಮಗೆ ಗೊತ್ತಿಲ್ಲದ ಅರ್ಧ. ಮೊನ್ನೆ ಮಂಗಳವಾರದ ತನಕ ನನಗೂ ಗೊತ್ತಿರಲಿಲ್ಲ.

ತಕ್ಕಡಿ ಎಂಬ ಅಡ್ಡಹೆಸರು ಇಟ್ಟವರು ನೀವು. ನೆನಪಿದೆಯೇ, ಕೈಗೆ ಒಂದು ಬಾಳೆಹಣ್ಣು ಕೊಟ್ಟರೆ ಮುರಿದು, ಎರಡು ತುಂಡನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಉದ್ದವಿದ್ದದ್ದನ್ನು ಇಲಿಯ ಹಾಗೆ ಕಚ್ಚಿ ಸಮ ಮಾಡಿ, ಒಂದು ನಿಮಗೆ, ಒಂದು ನನಗೆ ಕೊಡುತ್ತಿದ್ದಳು. ನಾವು ನಗುತ್ತಿದ್ದೆವು. ಹಾಗೆ ಕಚ್ಚಿದ ಚೂರೇ ಅವಳ ಪಾಲು ಎಂಬುದು ನಗುವವರ ಕಣ್ಣಿಗೆ ಬೀಳಲಿಲ್ಲ.

ಮೂರರಲ್ಲಿ ಒಂದು ನಿಮ್ಮೂರಿನ ವಿಶ್ವವಿದ್ಯಾಲಯ. ನಮ್ಮ ಅಂಗಡಿಗೆ ಹಳೆಯ ಪುಸ್ತಕ ಕಟ್ಟಿಸಲು ಬರುವ ವಕೀಲರು ಅದರ ಹೆಸರು ಹೇಳುವಾಗ ಧ್ವನಿ ತಗ್ಗಿಸುತ್ತಾರೆ, ದೊಡ್ಡವರ ಮನೆಯೊಳಗೆ ಕಾಲಿಡುವಾಗ ಚಪ್ಪಲಿ ಸದ್ದು ತಗ್ಗಿಸುವ ಹಾಗೆ. ಇನ್ನೊಂದು ನಮ್ಮೂರಿನದು. ಹೊಸದು, ಕಟ್ಟಡದ ತುಂಬ ಗಾಜು, ನಮ್ಮ ಮನೆಯ ಕಿಟಕಿಯಿಂದ ಅದರ ನೀರಿನ ಟ್ಯಾಂಕು ಕಾಣುತ್ತದೆ. ಮೂರನೆಯದು ಎರಡೂ ಊರುಗಳ ನಡುವೆ ಇರುವ ಊರಿನದು. ಹೌದು, ಅದೇ ಊರು. ರಜೆ ಬಂದಾಗಲೆಲ್ಲ ಅವಳನ್ನು ನಾನು ಕರೆತಂದು ಬಿಡುತ್ತಿದ್ದ, ನೀವು ಬಂದು ಕರೆದೊಯ್ಯುತ್ತಿದ್ದ ಬಸ್ ನಿಲ್ದಾಣವಿರುವ ಊರು. ಅಲ್ಲೊಂದು ಕಾನೂನು ಕಾಲೇಜಿದೆ ಎಂದು ನನಗಂತೂ ಗೊತ್ತಿರಲಿಲ್ಲ. ಆ ಊರಿನಲ್ಲಿ ನಿಲ್ದಾಣ ಬಿಟ್ಟು ಬೇರೇನಾದರೂ ಇದೆ ಎಂದೇ ನಾನು ಯೋಚಿಸಿರಲಿಲ್ಲ.

ಫಲಿತಾಂಶ ಬಂದ ದಿನ ನಾನು ಅವಳಿಗೆ ಹೇಳಿದ್ದು, ನಿನಗೆಲ್ಲಿ ಬೇಕೋ ಅಲ್ಲಿ ಓದು, ನನಗೇನೂ ಬೇಜಾರಿಲ್ಲ ಎಂದು. ನೀವು ಫೋನಿನಲ್ಲಿ ಹೇಳಿದ್ದೂ ಅದೇ ಅಂತೆ, ಅಕ್ಷರ ಬಿಡದ ಹಾಗೆ. ಇಷ್ಟು ಒಮ್ಮತ ಒಟ್ಟಿಗಿದ್ದಾಗ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಮ್ಮಣ್ಣ ಅಂದ. ಅವನ ಪ್ರಕಾರ ಎಲ್ಲಿ ಓದಿದರೂ ಕೊನೆಗೆ ಕಲಿಯುವುದು ಜಡ್ಜ್ ಮುಂದೆ ತಲೆ ಬಗ್ಗಿಸಿ ‘ಸ್ವಾಮೀ’ ಅನ್ನುವುದನ್ನು, ಅದನ್ನು ಇಲ್ಲೇ ಅಂಗಡಿಯಲ್ಲಿ ತಾನೇ ಕಲಿಸಬಲ್ಲ. ಅಂಗಡಿಗೆ ಬಂದವರೆಲ್ಲ ಒಂದೊಂದು ಬುದ್ಧಿ ಹೇಳಿದರು. ಒಬ್ಬರು ಹಾಸ್ಟೆಲು ನೋಡು ಅಂದರು, ಒಬ್ಬರು ಹೆಸರು ನೋಡು ಅಂದರು, ಒಬ್ಬರು ಹವೆ ನೋಡು ಅಂದರು. ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ, ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ನೆಗೆಯುತ್ತಿತ್ತು. ಅವಳು ಮಾತ್ರ ಎಲ್ಲರ ಮಾತಿಗೂ ತಲೆಯಾಡಿಸುತ್ತ ಪಾತ್ರೆ ತೊಳೆಯುತ್ತಿದ್ದಳು. ಈ ಮನೆಯಲ್ಲಿ ಒಲೆ ಈಗ ಅವಳದೇ ಎಂದು ನಿಮಗೆ ಗೊತ್ತಲ್ಲ. ನಿಮ್ಮ ಕೈ ಅವಳಿಗೆ ಬಂದಿದೆ.

ಆಮೇಲೆ ಅವಳು ಎರಡು ದಿನ ನಿಮ್ಮೂರಿಗೆ ಬಂದು ಅಲ್ಲಿನ ವಿಶ್ವವಿದ್ಯಾಲಯ ನೋಡಿಕೊಂಡು ಹೋದಳು. ಮನೆಗೆ ಮರಳಿದವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಮ್ಮೂರಿನದನ್ನು ನೋಡಿ ಬಂದು ಲಿಫ್ಟು, ಗಾಜು, ಗಡಿಯಾರ ಎಲ್ಲ ವರ್ಣಿಸಿದಳು. ನಿಮ್ಮೂರಿನ ವಿಷಯ ಕೇಳಿದರೆ ಚೆನ್ನಾಗಿದೆ ಎಂದಷ್ಟೇ. ಆಗಲೇ ನಾನು ಎಚ್ಚರಗೊಳ್ಳಬೇಕಿತ್ತು. ಚಿಕ್ಕಂದಿನಲ್ಲಿ ಆಟಿಕೆ ಅಂಗಡಿಯ ಮುಂದೆ ತನಗೆ ಬೇಕಾದ ಬೊಂಬೆ ಇದ್ದ ಕಡೆಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ ಹುಡುಗಿ ಅವಳು.

ಒಂದು ದಿನ ಊಟಕ್ಕೆ ಕುಳಿತಾಗ, ಮೂರನೆಯ ಕಾಲೇಜಿಗೇ ಸೇರುತ್ತೇನೆ ಎಂದಳು. ಅಲ್ಲಿ ಗದ್ದಲ ಕಡಿಮೆಯಂತೆ, ಮೇಷ್ಟ್ರುಗಳಿಗೆ ಪ್ರತಿಯೊಬ್ಬರ ಹೆಸರೂ ಗೊತ್ತಿರುತ್ತದಂತೆ, ಹಾಸ್ಟೆಲಿನಲ್ಲಿ ಗಾಳಿ ಬೆಳಕು ಚೆನ್ನಾಗಿದೆಯಂತೆ. ವಕೀಲೆಯಾಗಲು ಹೊರಟವಳಿಗೆ ಕಾರಣಗಳಿಗೆ ಬರವೇ? ನಾನು ಸರಿ ಅಂದೆ. ನೀವು ಹೂಂ ಅಂದಿರಂತೆ. ನಿಜ ಹೇಳಲೇ? ನಿಮ್ಮೂರಿಗೆ ಹೋಗುತ್ತಿಲ್ಲವಲ್ಲ ಎಂದು ನನ್ನ ಎದೆ ಒಂದು ಗಳಿಗೆ ಹಗುರಾಯಿತು. ನಿಮ್ಮದೂ ಅಷ್ಟೇ ಹಗುರಾಗಿರಬೇಕು. ಇಬ್ಬರು ದೊಡ್ಡವರು ಹಗುರಾದರೆ ಆ ತೂಕ ಎಲ್ಲಿಗೆ ಹೋಯಿತು ಎಂದು ಕೇಳಬೇಕಲ್ಲ, ಕೇಳಲಿಲ್ಲ.

ಮಂಗಳವಾರ ಅವಳ ಜೊತೆ ನಾನೂ ಆ ಕಾಲೇಜು ನೋಡಲು ಹೋದೆ. ಉದ್ದನೆಯ ಕಟ್ಟಡ, ಮೊದಲು ಗೋದಾಮಾಗಿತ್ತಂತೆ. ಬಾಗಿಲುಗಳು ಈಗಲೂ ಲಾರಿ ಒಳಗೆ ಬರುವಷ್ಟು ಅಗಲ. ಪಾಠದ ಕೋಣೆಗಳು ಶುಭ್ರವಾಗಿದ್ದವು, ಸುಳ್ಳು ಹೇಳಬಾರದು. ವಾದ ಮಾಡಿ ಅಭ್ಯಾಸ ಮಾಡಲೆಂದು ಒಂದು ಸುಳ್ಳು ಕೋರ್ಟು ಕಟ್ಟಿಸಿದ್ದಾರೆ. ಎತ್ತರದ ಜಗಲಿ, ನ್ಯಾಯಾಧೀಶರ ಕುರ್ಚಿ, ಸಾಕ್ಷಿಯ ಕಟಕಟೆ ಎಲ್ಲ ಇದೆ. ಕಟಕಟೆಯೊಳಗೆ ಕೆಟ್ಟ ಫ್ಯಾನುಗಳನ್ನು ಪೇರಿಸಿದ್ದರು. ಏನು ಅಪರಾಧ ಮಾಡಿದವೋ ಪಾಪ. ಗ್ರಂಥಾಲಯದಲ್ಲಿ ನಾನೊಂದು ದಪ್ಪ ಪುಸ್ತಕ ಎಳೆದು ಬಿಚ್ಚಿದೆ. ಬೆನ್ನು ಟಕ್ ಎಂದಿತು. ಇಪ್ಪತ್ತು ವರ್ಷದಿಂದ ಪುಸ್ತಕ ಹೊಲಿಯುವವಳಿಗೆ ಆ ಸದ್ದು ಗೊತ್ತಿಲ್ಲವೇ. ಯಾರೂ ಇದುವರೆಗೆ ಬಿಚ್ಚದ ಪುಸ್ತಕ ಮೊದಲ ಸಲ ಬಾಯಿ ತೆರೆಯುವ ಸದ್ದು ಅದು. ಮಗಳೂ ಕೇಳಿಸಿಕೊಂಡಳು. ಅವಳು ಹೊಲಿಗೆಯ ಮೇಜಿನ ಕೆಳಗೆ ಆಡಿ ಬೆಳೆದವಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹಿರಿಯ ಮೇಷ್ಟ್ರೊಬ್ಬರು ಎಲ್ಲವನ್ನೂ ತೋರಿಸಿದರು. ಒಳ್ಳೆಯ ಮನುಷ್ಯ, ತೋಳಿನ ಮೇಲೆಲ್ಲ ಸೀಮೆಸುಣ್ಣ. ಅವಳ ಅಂಕಗಳನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ನೀವು ಬಂದದ್ದು ನಮಗೆ ಸಂತೋಷ ತಾಯಿ. ಆದರೆ ಇಷ್ಟು ಅಂಕ ತಗೊಂಡು ಇಲ್ಲಿಗೆ ಯಾಕೆ ಬರ್ತಿದ್ದಾಳೆ? ಈ ಊರಲ್ಲಿ ನಿಮ್ಮೋರು ಯಾರಾದ್ರೂ ಇದ್ದಾರಾ?” ಎಂದು ಕೇಳಿದರು.

ಮಗಳೇ ಹೇಳಿದಳು, “ಬಸ್ಸು ಚೆನ್ನಾಗಿದೆ ಸಾರ್, ಎರಡೂ ಕಡೆಗೆ.”

ಮೇಷ್ಟ್ರು ತಮಾಷೆ ಎಂದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಬೈಂಡಿಂಗಿನಲ್ಲಿ ಒಂದು ಮಾತಿದೆ. ಹಾಳೆ ಅಡಿಮೇಲಾಗಿ ಹೊಲಿದುಬಿಟ್ಟರೆ ಪುಸ್ತಕ ಮುಗಿದ ಮೇಲೆಯೇ ಗೊತ್ತಾಗುವುದು ಅಂತ. ನನಗೆ ಆಗ ಹಾಗೆ ಗೊತ್ತಾಯಿತು.

ನಿಲ್ದಾಣಕ್ಕೆ ಬಂದೆವು. ನೀವು ಈಚೆಗೆ ಅಲ್ಲಿಗೆ ಹೋಗಿಲ್ಲ. ಅವಳು ಒಬ್ಬಳೇ ಓಡಾಡುವಷ್ಟು ದೊಡ್ಡವಳಾದ ಮೇಲೆ ನಾವಿಬ್ಬರೂ ಹೋಗಿಲ್ಲ. ಎಲ್ಲ ಹಾಗೇ ಇದೆ. ನಾನು ನಿಲ್ಲುತ್ತಿದ್ದ ಕಂಬಕ್ಕೆ ಹಸಿರು ಬಣ್ಣ ಬಳಿದಿದ್ದಾರೆ, ಕೆಳಗಿನ ಹಳದಿ ಇಣುಕುತ್ತಿದೆ. ನೀವು ನಿಲ್ಲುತ್ತಿದ್ದ ನಲ್ಲಿ ಆಗ ಸೋರುತ್ತಿದ್ದ ಹಾಗೇ ಸೋರುತ್ತಿದೆ. ನಡುವೆ ಆ ಸಿಮೆಂಟಿನ ಬೆಂಚು. ನಾವು ಎದುರುಬದುರಾದರೆ ಮಾತಿಗೆ ಮಾತು ಬೆಳೆದೀತು, ಮಗುವಿನ ಮುಂದೆ ಅದು ಬೇಡ ಎಂದು ಒಳ್ಳೆಯ ಮನಸ್ಸಿನಿಂದಲೇ ಅಷ್ಟು ದೂರ ನಿಲ್ಲುತ್ತಿದ್ದೆವು. ನಾನು ಕಂಬದ ಬಳಿ ಚೀಲ ಕೊಟ್ಟು ಕೈ ಬಿಟ್ಟರೆ ಅವಳು ಒಬ್ಬಳೇ ನಡೆದು ನಲ್ಲಿಯ ಬಳಿ ನಿಮ್ಮ ಕೈ ಹಿಡಿಯುತ್ತಿದ್ದಳು. ರಜೆ ಮುಗಿದ ಮೇಲೆ ಅಲ್ಲಿಂದ ಇಲ್ಲಿಗೆ ಅದೇ ನಡಿಗೆ. ಎಷ್ಟು ಗಂಭೀರವಾಗಿ ನಡೆಯುತ್ತಾಳೆ ನೋಡು, ಕಲೆಕ್ಟರ್ ಹಾಗೆ ಎಂದು ಒಬ್ಬ ಕಂಡಕ್ಟರ್ ಒಮ್ಮೆ ಹೇಳಿದ್ದ. ನನಗೆ ಹೆಮ್ಮೆಯಾಗಿತ್ತು.

ಬೆಂಚಿನ ಮೇಲೆ ಕೂತಾಗ ಅದನ್ನೇ ಅವಳಿಗೆ ಹೇಳಿದೆ. ನೀನು ಚಿಕ್ಕವಳಿದ್ದಾಗ ಉಳಿದ ಮಕ್ಕಳ ಹಾಗೆ ಓಡುತ್ತಲೇ ಇರಲಿಲ್ಲ, ಕಲೆಕ್ಟರ್ ಹಾಗೆ ನಡೆಯುತ್ತಿದ್ದೆ ಎಂದೆ. ಅವಳು ನಲ್ಲಿಯ ಕಡೆ ನೋಡುತ್ತ, “ಓಡಿದ್ರೆ ನಿಂಗೆ ಬೇಜಾರಾಗ್ತಿತ್ತು. ನಿಧಾನ ಹೋದ್ರೆ ಅಪ್ಪಂಗೆ ಬೇಜಾರಾಗ್ತಿತ್ತು. ಅದಕ್ಕೆ ನೋಡ್ಕೊಂಡು ನಡೀತಿದ್ದೆ. ಈ ಬೆಂಚಿನ ಹತ್ರ ಬಂದಾಗ ಮಾತ್ರ ಉಸಿರು ಬಿಡ್ತಿದ್ದೆ ಅಮ್ಮಾ. ಇಲ್ಲಿ ನಾನು ಯಾರ ಕಡೆಯೋಳೂ ಆಗಿರ್ತಿರಲಿಲ್ಲ” ಅಂದಳು.

ಅಳಲಿಲ್ಲ, ದೂರಲೂ ಇಲ್ಲ. ಹವೆ ಹೇಗಿದೆ ಎಂದು ಹೇಳುವ ಹಾಗೆ ಹೇಳಿದಳು. ಹೇಳಿ, ಚೀಲದಿಂದ ನೀರಿನ ಬಾಟಲಿ ತೆಗೆದು ಮೊದಲು ನನಗೆ ಕೊಟ್ಟಳು.

ನೋಡಿ, ಹುಡುಗಿ ಕಾಲೇಜು ಆರಿಸಲಿಲ್ಲ. ಉಸಿರಾಡಲು ಒಂದು ಬೆಂಚು ಆರಿಸಿದಳು. ಜೀವನದ ಅತಿ ಮುಖ್ಯವಾದ ಓದನ್ನು ಆ ಸಿಮೆಂಟಿನ ಬೆಂಚಿನ ಮೇಲೆ ಕೂತು ಮುಗಿಸಲು ಹೊರಟಿದ್ದಾಳೆ, ನಾವು ಸರಿ, ಹೂಂ ಅಂದಿದ್ದೇವೆ.

ನಾನು ಕೇಳಿದೆ. ಅಪ್ಪನೂ ಇಲ್ಲ, ಅಮ್ಮನೂ ಇಲ್ಲ, ನೀನು ಆಕಾಶದಿಂದ ಉದುರಿದವಳು ಅಂದುಕೋ, ಆಗ ಎಲ್ಲಿ ಓದುತ್ತಿದ್ದೆ ಎಂದು. ಎರಡು ಬಸ್ಸು ಹೋದವು. ಆಮೇಲೆ ನಿಮ್ಮೂರಿನ ವಿಶ್ವವಿದ್ಯಾಲಯದ ಒಂದು ಕೋಣೆಯ ವಿಷಯ ಹೇಳಿದಳು.

ರಸ್ತೆಯ ಆಚೆ ಕುಟುಂಬ ನ್ಯಾಯಾಲಯವಿದೆಯಂತೆ. ಅದರ ಪಕ್ಕದ ಒಂದು ಕೋಣೆಯನ್ನು ವಿಶ್ವವಿದ್ಯಾಲಯದವರು ನಡೆಸುತ್ತಾರೆ. ಅಪ್ಪ ಅಮ್ಮ ಬೇರೆಯಾಗುವಾಗ ಜಡ್ಜ್ ಮುಂದೆ ಮಾತಾಡಬೇಕಾದ ಮಕ್ಕಳನ್ನು ಮೊದಲು ಅಲ್ಲಿಗೆ ಕರೆತರುತ್ತಾರೆ. ಎರಡನೆಯ ವರ್ಷದಿಂದ ವಿದ್ಯಾರ್ಥಿಗಳು ಆ ಮಕ್ಕಳ ಜೊತೆ ಕೂರುತ್ತಾರೆ, ಒಳಗೆ ಏನು ಕೇಳುತ್ತಾರೆ, ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಹುದು ಎಂದು ಹೇಳಿಕೊಡುತ್ತಾರೆ. ಅವಳು ಆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳಂತೆ. ಹೇಳುವಾಗ ಅವಳ ಧ್ವನಿ ಬೇರೆಯಾಗಿತ್ತು, “ಅಲ್ಲಿರೋ ಕುರ್ಚಿಗಳೆಲ್ಲ ಚಿಕ್ಕವು ಅಮ್ಮಾ. ಕೂತ್ರೆ ಮಕ್ಕಳ ಕಾಲು ನೆಲಕ್ಕೆ ತಾಗುತ್ತೆ.”

ಕೋರ್ಟಿನ ಆ ದಿನ ನಿಮಗೂ ನೆನಪಿದೆ. ಏಳೆಂಟು ವರ್ಷದ ಮಗುವನ್ನು ನ್ಯಾಯಾಧೀಶರು ಒಳಕೋಣೆಗೆ ಕರೆಸಿಕೊಂಡರು. ನಾವಿಬ್ಬರೂ ಹೊರಗೆ ಒಂದೇ ಗೋಡೆಗೆ ಒರಗಿ ನಿಂತಿದ್ದೆವು, ನಡುವೆ ನಮ್ಮ ವಕೀಲರು. ಬಾಗಿಲು ಮುಚ್ಚುವ ಮುನ್ನ ನಾನು ಕಂಡದ್ದು ದೊಡ್ಡವರ ಕುರ್ಚಿಯಲ್ಲಿ ಅವಳ ಕಾಲುಗಳು ಗಾಳಿಯಲ್ಲಿ ನೇತಾಡುತ್ತಿದ್ದದ್ದು, ಬಿಚ್ಚಿದ ಒಂದು ಷೂ ಲೇಸು. ಒಳಗೆ ಅವಳು ಏನು ಹೇಳಿದಳೆಂದು ನಮಗೆ ಯಾರೂ ಹೇಳಲಿಲ್ಲ. ಆದೇಶ ಬಂದಾಗ ಮಗು ತಾಯಿಯ ಬಳಿ ಎಂದಿತ್ತು. ನೀವು ಏನೆಂದುಕೊಂಡಿರಿ ಎಂಬುದು ನಿಮ್ಮ ಮುಖದಲ್ಲೇ ಬರೆದಿತ್ತು. ನಾನು ಏನೆಂದುಕೊಂಡೆ ಎಂಬುದನ್ನು ನಾನು ಮುಖದಲ್ಲಿ ತೋರಿಸಲಿಲ್ಲ, ಅಷ್ಟೇ.

ಮಂಗಳವಾರ ಆ ಬೆಂಚಿನ ಮೇಲೆ ಅವಳು ಅಂದು ಒಳಗೆ ಏನು ಹೇಳಿದಳೆಂಬುದನ್ನೂ ನಾನು ಕೇಳಿಬಿಟ್ಟೆ. ಅವಳು ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಕಾಲೇಜಿನ ವಿಷಯಕ್ಕೆ ಅದು ಬೇಕಾಗಿಯೂ ಇಲ್ಲ.

ನನ್ನಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಂದಾನೊಂದು ಊರಿನ ಅಂಗಡಿಯಲ್ಲಿ ಒಂದು ತಕ್ಕಡಿ ಇತ್ತಂತೆ. ಊರಿನ ಕಾಳುಕಡ್ಡಿಯೆಲ್ಲ ಅದರ ಮೇಲೇ ಹಾಯ್ದು ಹೋಗುತ್ತಿತ್ತು. ಒಂದು ದಿನ ಅದು ಅಂಗಡಿಯವನನ್ನು ಕೇಳಿತು, ಎಲ್ಲರ ಹೊಟ್ಟೆಗೂ ನಾನೇ ಅಳೆದು ಕೊಡುತ್ತೇನೆ, ನನಗೆ ಯಾಕೆ ಹಸಿವು? ಅಂಗಡಿಯವನು, ತೂಗುವವರು ತಿನ್ನಬಾರದು, ತೂಕ ಕೆಡುತ್ತದೆ ಅಂದ. ತಕ್ಕಡಿ ಅತ್ತಿತು. ಅತ್ತಾಗ ಮುಳ್ಳು ಅಲುಗಿತು. ಅಂಗಡಿಯವನು ಮುಳ್ಳು ಅಲುಗಿದ್ದನ್ನು ಕಂಡು, ಕಲ್ಲು ಸರಿಯಿಲ್ಲ ಎಂದು ತೂಕದ ಕಲ್ಲುಗಳನ್ನು ಬದಲಾಯಿಸಿದನಂತೆ. ಆಮೇಲೆ ಏನಾಯ್ತಜ್ಜೀ ಎಂದರೆ, “ಆಮೇಲೇನು, ಅಂಗಡಿ ನಡೀತು” ಅನ್ನುತ್ತಿದ್ದಳು. ಕಥೆ ಮುಗಿಯಲಿಲ್ಲ ಎಂದು ನಾನು ಜಗಳ ಮಾಡುತ್ತಿದ್ದೆ.

ನಮ್ಮ ಅಂಗಡಿಯೂ ನಡೆಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮದು ಉಂಡರೂ ಮಲಗಿದರೂ ಮುಗಿಯಲಿಲ್ಲ. ನಿಮಗೆ ಆಸ್ಪತ್ರೆಯ ಕೆಲಸ ಸಿಕ್ಕಿತು, ನೀವು ಬಾ ಅಂದಿರಿ. ನನಗೆ ಅಪ್ಪನ ಅಂಗಡಿ ಇತ್ತು, ನಾನು ಇರಿ ಅಂದೆ. ಇಬ್ಬರೂ ಒಂದು ಹೆಜ್ಜೆ ಎತ್ತಿಡಲಿಲ್ಲ. ಸರಿ, ಅದು ಆಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಕೇಳಿದಾಗಲೆಲ್ಲ ನಾನು ಒಳಗೊಳಗೇ ಬೀಗುತ್ತಿದ್ದೆ. ನಮ್ಮ ಕೂಸು ಬಡವಾಗಲಿಲ್ಲ, ಎರಡೂ ಕಡೆ ಹೊಸ ಬಟ್ಟೆ, ಎರಡೂ ಕಡೆ ಹಾಸಿಗೆ, ಎರಡೂ ಕಡೆ ಹಲ್ಲುಜ್ಜುವ ಬ್ರಷ್ಷು. ನಿಮ್ಮ ಬಗ್ಗೆ ನಾನು ಅವಳ ಮುಂದೆ ಒಂದು ಕೆಟ್ಟ ಮಾತಾಡಲಿಲ್ಲ. ನೀವೂ ಆಡಲಿಲ್ಲ ಎಂದು ಅವಳೇ ಹೇಳಿದ್ದಾಳೆ. ಆದರೆ ಕೆಟ್ಟ ಮಾತಾಡದೆ ಇರುವುದು ಬೇರೆ, ಮಾತಾಡುವುದು ಬೇರೆ. ನಾವು ಆಡದೆ ಬಿಟ್ಟ ಮಾತನ್ನೆಲ್ಲ ಅವಳು ಚೀಲದಲ್ಲಿ ಹೊತ್ತುಕೊಂಡು ಕಂಬದಿಂದ ನಲ್ಲಿಗೆ, ನಲ್ಲಿಯಿಂದ ಕಂಬಕ್ಕೆ ನಡೆದಳು.

ಈಗಲೂ ನೋಡಿ. ಬಾಯಲ್ಲಿ ನಿನ್ನಿಷ್ಟ ಎಂದೆ. ಎಂದ ವಾರದಲ್ಲೇ ಕಿಟಕಿಯ ಪಕ್ಕದ ರಟ್ಟಿನ ಕಟ್ಟುಗಳನ್ನು ಕೆಳಗೆ ಸಾಗಿಸಿ ಅಲ್ಲಿ ಒಂದು ಮೇಜು ಹಾಕಿಸಿದೆ. ಕರಿಯ ಬಟ್ಟೆಯ ರಟ್ಟು ಹಾಕಿ ನೋಟು ಪುಸ್ತಕಗಳನ್ನು ಹೊಲಿದಿಟ್ಟೆ, ನನ್ನ ಕೈಯ ಅತ್ಯುತ್ತಮ ಕೆಲಸ. ಯಾರಿಗೆ ಎಂದು ಅಣ್ಣ ಕೇಳಿದರೆ, ಯಾರೋ ವಕೀಲರು ಹೇಳಿದ್ದಾರೆ ಅಂದೆ. ಅವಳು ಮೇಜನ್ನು ನೋಡಿ ಒಲೆಯ ಕಡೆ ಹೋದಳು. ಬೆಂಚಿನ ಮೇಲೆ ಹೇಳಿದಳು, ನೀವು ನಿಮ್ಮ ಮನೆಯಲ್ಲಿ ಗೋಡೆಗೆ ಪುಸ್ತಕದ ಹಲಗೆ ಹೊಡೆಸಿ ಓದುವ ದೀಪ ತಂದಿಟ್ಟಿದ್ದೀರಂತೆ. ಯಾಕಪ್ಪಾ ಎಂದರೆ, ನನಗೇ, ಪೇಪರ್ ಓದಲು ಅಂದಿರಂತೆ. ಪೇಪರಿನಲ್ಲಿ ಮೊಟ್ಟೆ ಕಟ್ಟಿಕೊಂಡು ಬರುವುದು ಬಿಟ್ಟು ನೀವು ಅದನ್ನು ಯಾವಾಗ ಓದಿದ್ದೀರಿ? ಆ ಮೇಜು, ಆ ದೀಪ ಎರಡನ್ನೂ ನೋಡಿಯೇ ಅವಳು ಮೂರನೆಯ ಊರಿಗೆ ಹೊರಟದ್ದು. ಬೇಜಾರಿಲ್ಲ ಅನ್ನುವವರಿಗೇ ಬೇಜಾರಾಗುವುದು ಎಂದು ಅವಳಿಗೆ ಎಳೆತನದಿಂದ ಗೊತ್ತು.

ಆದ್ದರಿಂದ ನಿಮ್ಮಿಂದ ನನಗೆ ಬೇಕಾದದ್ದು ಇಷ್ಟು.

ಅವಳು ನಿಮ್ಮೂರಿನ ವಿಶ್ವವಿದ್ಯಾಲಯಕ್ಕೆ ಹೋಗಲಿ. ಅಲ್ಲಿ ನೀವಿದ್ದೀರಿ ಎಂದಲ್ಲ, ಆ ಕೋಣೆಯಿದೆ ಎಂದು. ಇದನ್ನು ನಾನೊಬ್ಬಳೇ ಹೇಳಿದರೆ ಅಮ್ಮ ತ್ಯಾಗ ಮಾಡುತ್ತಿದ್ದಾಳೆ ಎಂದು ಇನ್ನೂ ಗಟ್ಟಿಯಾಗಿ ಬೆಂಚಿಗೆ ಅಂಟಿಕೊಳ್ಳುತ್ತಾಳೆ. ನೀವೊಬ್ಬರೇ ಹೇಳಿದರೆ ಅಪ್ಪ ಕರೆದ, ಹೋದರೆ ಅಮ್ಮ ಸೋತಳು ಅಂದುಕೊಳ್ಳುತ್ತಾಳೆ. ಇಬ್ಬರೂ ಒಟ್ಟಿಗೆ, ಒಂದೇ ಬಾಯಲ್ಲಿ, ಅವಳ ಎದುರಿಗೆ ಹೇಳಬೇಕು. ದೊಡ್ಡವಳಾದ ಹುಡುಗಿಗೆ ಅಪ್ಪ ಅಮ್ಮ ತೀರ್ಪು ಕೊಡುವುದು ಏನು ಚಂದ ಎಂದು ನೀವು ಕೇಳಬಹುದು. ಆರಿಸಿದವಳು ಅವಳೇ, ಆ ಕೋಣೆಯ ಬಾಗಿಲಲ್ಲಿ ನಿಂತಾಗಲೇ ಆರಿಸಿದ್ದಾಳೆ. ಅದರ ಭಾರವನ್ನು ಅವಳ ಹೆಗಲಿನಿಂದ ಇಳಿಸಿಕೊಳ್ಳುವುದಷ್ಟೇ ನಮ್ಮ ಕೆಲಸ.

ಗುರುವಾರ ಬೆಳಿಗ್ಗೆಯ ಬಸ್ಸಿಗೆ ಅವಳನ್ನು ಆ ನಿಲ್ದಾಣಕ್ಕೆ ಕರೆತರುತ್ತೇನೆ. ಕಾಲೇಜಿಗೆ ಕಾಗದಪತ್ರ ಕೊಡಲು ಹೋಗುವುದಿದೆ, ಅವಳಿಗೆ ಅನುಮಾನ ಬರುವುದಿಲ್ಲ. ನೀವು ನಿಮ್ಮ ಕಡೆಯ ಬಸ್ಸಿಗೆ ಬನ್ನಿ. ಕ್ಯಾಂಟೀನಿಗೆ ಒಂದು ದಿನ ರಜೆ ಹಾಕಿ, ರೋಗಿಗಳು ಒಂದು ದಿನ ಬ್ರೆಡ್ಡು ತಿಂದರೆ ಸಾಯುವುದಿಲ್ಲ, ಆಸ್ಪತ್ರೆಯಲ್ಲೇ ಇದ್ದಾರಲ್ಲ. ನಾನು ಕಂಬದ ಹತ್ತಿರ ನಿಲ್ಲುವುದಿಲ್ಲ. ನೀವು ನಲ್ಲಿಯ ಹತ್ತಿರ ನಿಲ್ಲಬೇಡಿ. ಬೆಂಚಿಗೆ ಬನ್ನಿ. ನಾನೂ ಅಲ್ಲಿಗೆ ಬರುತ್ತೇನೆ. ಈ ಸಲ ಅವಳು ಕೂತಿರಲಿ, ನಾವು ನಡೆಯೋಣ.

ನನ್ನ ಎರಡು ಷರತ್ತುಗಳಿವೆ. ಅವಳು ಹಾಸ್ಟೆಲಿನಲ್ಲೇ ಇರಲಿ, ನಿಮ್ಮ ಮನೆಯಲ್ಲಿ ಬೇಡ. ಓದುವ ಹುಡುಗಿಗೆ ತನ್ನದೇ ಒಂದು ಮೂಲೆ ಬೇಕು, ಅದು ನಿಮ್ಮದೂ ಅಲ್ಲ ನನ್ನದೂ ಅಲ್ಲ. ದೀಪವನ್ನು ಹಾಸ್ಟೆಲಿಗೆ ಕೊಟ್ಟುಬಿಡಿ. ನೋಟು ಪುಸ್ತಕಗಳನ್ನು ನಾನೂ ಕೊಡುತ್ತೇನೆ. ಇನ್ನೊಂದು, ಅವಳು ಅಲ್ಲಿಗೆ ಬಂದದ್ದಕ್ಕೆ ನೀವು ಗೆದ್ದ ಮುಖ ಮಾಡಬಾರದು. ನಿಮ್ಮ ಗೆದ್ದ ಮುಖ ನನಗೆ ಗೊತ್ತು, ಎಡಗಡೆಯ ಮೀಸೆ ಸ್ವಲ್ಪ ಮೇಲೇಳುತ್ತದೆ. ಅವಳಿಗೂ ಗೊತ್ತು.

ಬೆಂಚಿನ ಮೇಲೆ ಮಾತು ನೀವೇ ತೊಡಗಿ. ನಾನು ತೊಡಗಿದರೆ ಮತ್ತೆ ಬಸ್ಸಿನ ಮಾತಿಗೇ ಇಳಿದೇನು. ಹೂಂ ಮಾತ್ರ ಅನ್ನಬೇಡಿ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಅವಳನ್ನು ಕಲೆಕ್ಟರ್ ಎಂದ ಆ ಕಂಡಕ್ಟರ್ ಈಗಲೂ ಅದೇ ದಾರಿಯಲ್ಲಿದ್ದಾನೆ, ತಲೆ ಪೂರ ನೆರೆತಿದೆ. ನಾಳೆ ಬೆಳಿಗ್ಗೆ ಅವನ ಕೈಯಲ್ಲಿ ಕೊಡುತ್ತೇನೆ, ಕ್ಯಾಂಟೀನಿಗೇ ತಂದು ಮುಟ್ಟಿಸುತ್ತಾನೆ. ಅವನಿಗೊಂದು ಲೋಟ ಚಹಾ ಕೊಡಿ.

ಎಷ್ಟೋ ವರ್ಷಗಳ ಮೇಲೆ ನಿಮಗೆ ಬರೆಯುತ್ತಿರುವ,
ನಮ್ಮ ತಕ್ಕಡಿಯ ಅಮ್ಮ

ಮರೆತದ್ದು: ಮರೆತದ್ದಲ್ಲ. ಮೇಲೆ ಸಹಿ ಹಾಕಿ, ಲಕೋಟೆಗೆ ಗೋಂದು ಹಚ್ಚಿ, ಒಣಗುವ ಮೊದಲು ಮತ್ತೆ ಬಿಚ್ಚಿದೆ. ಅವಳು ನ್ಯಾಯಾಧೀಶರಿಗೆ ಹೇಳಿದ್ದನ್ನು ಬರೆಯುವುದಿಲ್ಲ ಎಂದೆನಲ್ಲ, ಅದು ನಿಮಗೆ ಸೇರಬೇಕಾದ ಮಾತು. ಯಾರ ಹತ್ತಿರ ಇರುತ್ತೀಯಮ್ಮಾ ಎಂದು ಅವರು ಕೇಳಿದಾಗ ಅವಳು ಹೇಳಿದ್ದು ಇಷ್ಟೇ ಅಂತೆ, “ಅಪ್ಪಂಗೆ ಅಡುಗೆ ಬರುತ್ತೆ. ಅಮ್ಮಂಗೆ ಬರಲ್ಲ. ಅಮ್ಮನ ಹತ್ರ ಯಾರಾದ್ರೂ ಇರಬೇಕು.”

ನೀವು ಇಷ್ಟು ಕಾಲ ಸೋತೆ ಎಂದುಕೊಂಡು ಬದುಕಿದಿರಿ. ನಾನು ಗೆದ್ದೆ ಎಂದುಕೊಂಡು ಬದುಕಿದೆ. ಮಂಗಳವಾರದಿಂದ ಆ ಗೆಲುವನ್ನು ತೆಗೆದು ಎಲ್ಲಿಡಬೇಕೆಂದು ತೋಚದೆ ಮನೆಯೆಲ್ಲ ಓಡಾಡಿದೆ. ಈಗ ನಿಮಗೆ ಕಳಿಸುತ್ತಿದ್ದೇನೆ.

ಗುರುವಾರ ಬರುವಾಗ ಏನನ್ನೂ ಮಾಡಿ ಕಟ್ಟಿಕೊಂಡು ಬರಬೇಡಿ. ಮೂವರ ಊಟವನ್ನೂ ನಾನೇ ಮಾಡಿ ತರುತ್ತೇನೆ. ತಳ ಹಿಡಿದಿರುತ್ತದೆ. ಉಪ್ಪು ಹೆಚ್ಚಾಗಿರಬಹುದು. ನೀವು ಮಾತಾಡದೆ ಪೂರ್ತಿ ತಿನ್ನಿ, ಇನ್ನೊಂದು ಸಲ ಬಡಿಸು ಎಂದು ಕೇಳಿ. ಅವಳು ನೋಡಲಿ.